ಕಾಮಾಲೆ, ಯಕೃತ್ತು, ಕ್ಯಾನ್ಸರ್: ಗಿಡಮೂಲಿಕೆ ಎಲ್ಲಿಯವರೆಗೆ?

ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮೊದಲು ಕೇಳಿಬರುವ ಮಾತು ಒಂದೇ: "ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ, ಪಸರು ಮಂದು ಕುಡಿಸಿ." ಯಾರೋ ಒಬ್ಬರು ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಡುತ್ತಾರೆ, ಮೂರು ದಿನ ಪಥ್ಯ ಹೇಳುತ್ತಾರೆ. ಈಗ ಅದೇ ಬಗೆಯ ಸಲಹೆ ಕ್ಯಾನ್ಸರಿಗೂ ಬರತೊಡಗಿದೆ. ಅರಿಶಿನ, ಅಮೃತಬಳ್ಳಿ, ಕಲೋಂಜಿ ಸಾಕು, ಆಸ್ಪತ್ರೆ ಬೇಡ ಎನ್ನುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿವೆ.

ನಾನು ಯೂನಾನಿ ವೈದ್ಯ. ಗಿಡಮೂಲಿಕೆಗಳಿಂದಲೇ ಚಿಕಿತ್ಸೆ ಮಾಡುವವನು. ಆದ್ದರಿಂದಲೇ ಇವುಗಳ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದನ್ನು ನಿಮ್ಮ ಮುಂದೆ ಸ್ಪಷ್ಟವಾಗಿ ಇಡುವುದು ನನ್ನ ಕರ್ತವ್ಯ.

ಸೊಪ್ಪಿನ ಔಷಧಿ ಕುಡಿದವರು ಗುಣವಾಗುವುದೇಕೆ?

ಕಾಮಾಲೆ ಒಂದು ರೋಗವಲ್ಲ, ರೋಗದ ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹೆಚ್ಚಾದಾಗ ಕಣ್ಣು, ಚರ್ಮ, ಮೂತ್ರ ಹಳದಿಯಾಗುತ್ತವೆ. ಯೂನಾನಿಯಲ್ಲಿ ಇದನ್ನು ಯರ್ಕಾನ್ ಎನ್ನುತ್ತೇವೆ. ಇದಕ್ಕೆ ಕಾರಣಗಳು ಹತ್ತಾರು.

ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಸಾಮಾನ್ಯ ಕಾರಣ. ಇವು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆ ದಿನಗಳಲ್ಲಿ ನೀವು ಸೊಪ್ಪಿನ ರಸ ಕುಡಿದರೂ ಗುಣವಾಗುತ್ತದೆ, ಬರೀ ಗಂಜಿ ಕುಡಿದು ಮಲಗಿದರೂ ಗುಣವಾಗುತ್ತದೆ. ಹೆಸರು ಮಾತ್ರ ಔಷಧಿ ಕೊಟ್ಟವರಿಗೆ ಬರುತ್ತದೆ.

ಹೆಪಟೈಟಿಸ್ ಬಿ ಮತ್ತು ಸಿ ಹಾಗಲ್ಲ. ಇವು ರಕ್ತದ ಮೂಲಕ ಬರುತ್ತವೆ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ ನೂರರಲ್ಲಿ ಸುಮಾರು 95 ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬಂದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ: ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಯಾವ ತೊಂದರೆಯೂ ಕಾಣದಂತೆ ವರ್ಷಗಟ್ಟಲೆ ಇದ್ದು ಯಕೃತ್ತನ್ನು ಗಟ್ಟಿಗೊಳಿಸಿ, ಕೊನೆಗೆ ಕೆಲವರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಕಣ್ಣಿನ ಹಳದಿ ಹೋಯಿತೆಂದರೆ ವೈರಸ್ ಹೋಯಿತು ಎಂದರ್ಥವಲ್ಲ. ರಕ್ತ ಪರೀಕ್ಷೆ ಮಾಡಿಸದೆ ಇದು ತಿಳಿಯುವುದಿಲ್ಲ.

ಮೂಗಿಗೆ ಹನಿ ಹಾಕಿ ಹಳದಿ ನೀರು ಇಳಿಸುವ ಪದ್ಧತಿಯೂ ಇದೆ. ಆ ಹನಿ ಮೂಗಿನ ಒಳಪದರವನ್ನು ಕೆರಳಿಸುತ್ತದೆ, ಅದರಿಂದ ನೀರು ಸುರಿಯುತ್ತದೆ. ಕಾಮಾಲೆ ಮೂಗಿನಿಂದ ಹೊರಬರುವುದಿಲ್ಲ. ತೋಳಿಗೆ ಬರೆ ಹಾಕುವುದರಿಂದ ಗಾಯವಾಗುತ್ತದೆಯೇ ಹೊರತು ಯಕೃತ್ತಿಗೆ ಏನೂ ಆಗುವುದಿಲ್ಲ.

ನೆಲನೆಲ್ಲಿಯ ಕತೆ

ನೆಲನೆಲ್ಲಿ ಅಥವಾ ಕಿರುನೆಲ್ಲಿ ನಮ್ಮ ಹೊಲದ ಬದುಗಳಲ್ಲಿ ಮಳೆಗಾಲದಲ್ಲಿ ತಾನಾಗಿ ಬೆಳೆಯುವ ಪುಟ್ಟ ಗಿಡ. ತೆಲುಗಿನಲ್ಲಿ ನೇಲ ಉಸಿರಿ, ಉರ್ದುವಿನಲ್ಲಿ ಭುಯಿ ಆಮ್ಲಾ. 1988ರಲ್ಲಿ ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ಇದರ ಪುಡಿ ಕೊಟ್ಟು ನೋಡಿದರು. ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು. ಔಷಧವಿಲ್ಲದ ಹುಸಿ ಪುಡಿ ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಈ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದು ಜಗತ್ತಿನ ಗಮನ ಸೆಳೆಯಿತು.

ಆದರೆ ಥಾಯ್ಲೆಂಡಿನಲ್ಲಿ ಇದೇ ಗಿಡವನ್ನು ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನಂಬಬಹುದಾದ ಆಧಾರ ಕಾಣಲಿಲ್ಲ. ಹಾಗಾಗಿ ನೆಲನೆಲ್ಲಿಯನ್ನು ಹೆಪಟೈಟಿಸ್ ಬಿಗೆ ಔಷಧಿ ಎಂದು ನಾನು ಹೇಳಲಾರೆ.

ನಮ್ಮ ಯೂನಾನಿಯಲ್ಲಿ ಕಾಸ್ನಿ, ಮಕೋ ಅಂದರೆ ಗಣಿಕೆ ಸೊಪ್ಪು, ರೇವಂದ್ ಚೀನಿ ಮುಂತಾದವು ಜಿಗರ್‌ಗೆ ಹೇಳಿದ ಔಷಧಿಗಳು. ಅರ್ಕ್ ಕಾಸ್ನಿ, ಅರ್ಕ್ ಮಕೋ, ಶರ್ಬತ್ ದೀನಾರ್ ನಿಮಗೆ ಗೊತ್ತಿರುವ ಹೆಸರುಗಳೇ. ಹಸಿವು ಕುಂದಿದಾಗ, ಮಲಬದ್ಧತೆಯಾದಾಗ, ಚೇತರಿಕೆಯ ದಿನಗಳಲ್ಲಿ ವೈದ್ಯರ ಸಲಹೆಯಂತೆ ಬಳಸಬಹುದು. ಆದರೆ ಶರ್ಬತ್ತಿನಲ್ಲಿ ಸಕ್ಕರೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಸಕ್ಕರೆ ಕಾಯಿಲೆಯಿಂದ ಯಕೃತ್ತಿಗೆ ಕೊಬ್ಬು ತುಂಬಿಕೊಂಡವರು ಅದೇ ಯಕೃತ್ತಿಗೆಂದು ದಿನಕ್ಕೆ ಮೂರು ಹೊತ್ತು ಶರ್ಬತ್ ಕುಡಿದರೆ ಏನು ಪ್ರಯೋಜನ?

ಕ್ಯಾನ್ಸರಿಗೆ ಗಿಡಗಳಿಂದ ಔಷಧಿ ಬಂದಿಲ್ಲವೇ?

ಖಂಡಿತ ಬಂದಿದೆ. ಮನೆಯಂಗಳದಲ್ಲೂ ಖಬರಸ್ತಾನದಲ್ಲೂ ಅರಳುವ ಸದಾಬಹಾರ್, ಅಂದರೆ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ಬಂದವು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧಿ. ಪಶ್ಚಿಮಘಟ್ಟದ ಒಂದು ಮರದಲ್ಲಿ ಸಿಗುವ ಕ್ಯಾಂಪ್ಟೊಥೆಸಿನ್‌ನಿಂದ ಕರುಳಿನ ಕ್ಯಾನ್ಸರಿಗೆ ಕೊಡುವ ಔಷಧಿ ತಯಾರಾಗುತ್ತದೆ.

ಹಾಗೆಂದು ನಿತ್ಯಪುಷ್ಪದ ಎಲೆ ಅರೆದು ಕುಡಿಯಬಹುದೇ? ಎಂದಿಗೂ ಬೇಡ. ವಿನ್‌ಕ್ರಿಸ್ಟಿನ್ ಅನ್ನು ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಅಳತೆ ತಪ್ಪಿದರೆ ನರಗಳಿಗೆ ಹಾನಿ. ಎಲೆಯ ರಸದಲ್ಲಿ ಅದು ಎಷ್ಟಿದೆ, ಜೊತೆಗೆ ಬೇರೆ ಏನೇನಿದೆ ಎಂದು ಅಡುಗೆಮನೆಯಲ್ಲಿ ಅಳೆಯಲು ಬರುವುದಿಲ್ಲ. ಗಿಡವೇ ಬೇರೆ, ಗಿಡದಿಂದ ಬೇರ್ಪಡಿಸಿ ಅಳೆದು ಕೊಟ್ಟ ಔಷಧಿಯೇ ಬೇರೆ.

ಅರಿಶಿನದ ಕುರ್ಕುಮಿನ್ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎನ್ನುವುದು ನಿಜ. ಆದರೆ ತಿಂದ ಕುರ್ಕುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕುರ್ಕುಮಿನ್ ಜೊತೆ ಕರಿಮೆಣಸಿನ ಪಿಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಮಾತ್ರ ಅದು ಹಲವು ಪಟ್ಟು ಹೆಚ್ಚು ರಕ್ತಕ್ಕೆ ಸೇರಿತು. ಇದನ್ನೇ ಹಿಡಿದು ಈಗ ಮೆಣಸಿನ ಸತ್ವ ಸೇರಿಸಿದ ಅರಿಶಿನದ ಮಾತ್ರೆಗಳು ಮಾರಾಟವಾಗುತ್ತಿವೆ. ಅಂಥ ಮಾತ್ರೆ ನುಂಗಿ ಯಕೃತ್ತಿಗೆ ಪೆಟ್ಟು ಬಿದ್ದವರ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಭಯಪಡಬೇಕಿಲ್ಲ, ಮಾತ್ರೆಯ ವಿಷಯ ಬೇರೆ.

ಕಲೋಂಜಿಯ ಬಗ್ಗೆ ನಮ್ಮ ಮನಸ್ಸಿನಲ್ಲಿ ಗೌರವವಿದೆ, ಇರಬೇಕು. ಆಹಾರದಲ್ಲಿ ಬಳಸಿ. ಆದರೆ ಕ್ಯಾನ್ಸರ್ ಚಿಕಿತ್ಸೆ ಬಿಟ್ಟು ಕಲೋಂಜಿಯನ್ನೇ ನೆಚ್ಚಿಕೊಳ್ಳುವುದು ಸುನ್ನತ್ ಎಂದು ಭಾವಿಸಬೇಡಿ. ಉಬೈ ಬಿನ್ ಕಅಬ್ (ರ) ಅವರಿಗೆ ಕಾಯಿಲೆಯಾದಾಗ ಪ್ರವಾದಿ (ಸ) ಅವರು ವೈದ್ಯರನ್ನು ಕಳುಹಿಸಿದ್ದು ಹದೀಸ್‌ನಲ್ಲಿದೆ. ಕಲೋಂಜಿಯ ಮಹತ್ವ ಹೇಳಿದವರೂ ಅವರೇ, ವೈದ್ಯರನ್ನು ಕಳುಹಿಸಿದವರೂ ಅವರೇ.

ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಅವರು 'ಅಲ್ ಖಾನೂನ್'ನಲ್ಲಿ ಔಷಧಿಯನ್ನು ಪರೀಕ್ಷಿಸಲು ನಿಯಮಗಳನ್ನು ಬರೆದಿದ್ದಾರೆ. ಸಿಂಹದ ಮೇಲೋ ಕುದುರೆಯ ಮೇಲೋ ಕೆಲಸ ಮಾಡಿದ್ದು ಮನುಷ್ಯನ ಮೇಲೂ ಹಾಗೆಯೇ ಮಾಡುತ್ತದೆ ಎನ್ನಲಾಗದು, ಮನುಷ್ಯರಲ್ಲೇ ಪರೀಕ್ಷಿಸಬೇಕು ಎಂಬುದು ಅವುಗಳಲ್ಲೊಂದು. ಗಾಜಿನ ತಟ್ಟೆಯಲ್ಲಿ ಸತ್ತ ಕೋಶಗಳನ್ನು ತೋರಿಸಿ ಔಷಧಿ ಮಾರುವವರಿಗೆ ಇದೇ ಉತ್ತರ.

ಗಿಡಮೂಲಿಕೆಯಿಂದ ಹಾನಿಯೇ ಇಲ್ಲವೇ?

ಇದೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಅದನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು, ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ವರದಿ ಮಾಡಿದರು. ಎರಡನೆಯ ವರದಿಯಲ್ಲಿ 43 ರೋಗಿಗಳಿದ್ದರು. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ. ಆದರೂ ಯಕೃತ್ತಿನ ಅಥವಾ ಥೈರಾಯ್ಡ್ ತೊಂದರೆ ಇರುವವರು ಇದನ್ನು ತಾವಾಗಿ ತೆಗೆದುಕೊಳ್ಳದಿರುವುದೇ ಲೇಸು.

ಈಶ್ವರಿ ಬಳ್ಳಿ ಮತ್ತು ಅದರ ಕುಲದ ಗಿಡಗಳು ಇದಕ್ಕಿಂತ ಗಂಭೀರ. ನಮ್ಮ ಹಳೆಯ ಯೂನಾನಿ ಗ್ರಂಥಗಳ ಜರಾವಂದ್ ಇದೇ ಕುಲದ್ದು. ಇವುಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತಪಡಿಸಿದೆ. ಮೂತ್ರಪಿಂಡ ಹಾಳಾಗುತ್ತದೆ, ಮೂತ್ರನಾಳದ ಕ್ಯಾನ್ಸರ್ ಬರುತ್ತದೆ. ತೈವಾನಿನ 98 ಯಕೃತ್ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ನೂರಕ್ಕೆ 78ರಷ್ಟರಲ್ಲಿ ಈ ಆಮ್ಲದ ಗುರುತು ಸಿಕ್ಕಿತು. ಹಳೆಯ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಕೊಡುವುದು ಸರಿಯಲ್ಲ. ಹೆಸರು, ಚೀಟಿ ಇಲ್ಲದ ಪುಡಿ ಮತ್ತು ಕುಶ್ತಾಗಳಲ್ಲಿ ಸೀಸ, ಪಾದರಸ ಇರಬಹುದು. ಅಂಥವನ್ನು ಮುಟ್ಟಬೇಡಿ.

ಕೀಮೋ ಔಷಧಿಗಳಲ್ಲಿ ಅನೇಕವನ್ನು ಒಡೆದು ಹೊರಹಾಕುವುದು ಯಕೃತ್ತೇ. ಆ ಸಮಯದಲ್ಲಿ ಮನೆಯವರು ಗುಟ್ಟಾಗಿ ಕಷಾಯ ಕೊಟ್ಟರೆ ಔಷಧಿಯ ಪ್ರಮಾಣ ಏರುಪೇರಾಗಬಹುದು. ಏನು ಕೊಡುತ್ತಿದ್ದರೂ ಕ್ಯಾನ್ಸರ್ ವೈದ್ಯರಿಗೆ ಹೇಳಿ, ಬಾಟಲಿಯನ್ನೇ ಕೊಂಡೊಯ್ದು ತೋರಿಸಿ.

ನಿಮ್ಮ ಮನೆಯಲ್ಲಿ ಮಾಡಬೇಕಾದ್ದು

• ಕಾಮಾಲೆ ಕಂಡ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ಬಿಲಿರುಬಿನ್, ಎಸ್‌ಜಿಪಿಟಿ ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಇರಲಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಎಲ್ಲಿ ಸಿಗುತ್ತದೆಂದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

• ಹೆಪಟೈಟಿಸ್ ಸಿ ಬಹುತೇಕರಲ್ಲಿ ಸುಮಾರು 12 ವಾರಗಳ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. ಹೆಪಟೈಟಿಸ್ ಬಿ ಇದ್ದವರು ಯಕೃತ್ತು ಚೆನ್ನಾಗಿದೆಯೇ ಎಂದು ನಿಯಮಿತವಾಗಿ ತೋರಿಸಿಕೊಳ್ಳುತ್ತಿರಬೇಕು.

• ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಯಕೃತ್ತಿನ ಕ್ಯಾನ್ಸರನ್ನು ತಡೆಯುವ ಲಸಿಕೆಯಿದು.

• ಖತ್ನಾ, ಹಿಜಾಮಾ, ಕ್ಷೌರ, ಹಜ್ ಮತ್ತು ಉಮ್ರಾದಲ್ಲಿ ತಲೆ ಬೋಳಿಸುವಾಗ ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ತೆಗೆಸಿ. ಹಿಜಾಮಾದ ಕಪ್ಪನ್ನು ಒಬ್ಬರಿಗೆ ಬಳಸಿದ ಮೇಲೆ ಇನ್ನೊಬ್ಬರಿಗೆ ಬಳಸಬಾರದು. ಕೇಳಲು ಸಂಕೋಚ ಬೇಡ.

• ಗರ್ಭಿಣಿಗೆ ಕಾಮಾಲೆಯಾದರೆ, ರೋಗಿ ಮಂಕಾಗಿ ತೊದಲಿದರೆ, ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ರಕ್ತ ವಾಂತಿ ಅಥವಾ ಕಪ್ಪು ಮಲವಾದರೆ, ಹೊಟ್ಟೆ ಊದಿದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

• ವಯಸ್ಸಾದವರಿಗೆ ನೋವಿಲ್ಲದೆ ಕಾಮಾಲೆ ಹೆಚ್ಚುತ್ತಾ, ಮೈ ತುರಿಸಿ, ಮಲ ಬೆಳ್ಳಗಾಗಿ, ತೂಕ ಇಳಿದರೆ ಪಿತ್ತನಾಳ ಅಥವಾ ಮೇದೋಜೀರಕ ಗ್ರಂಥಿಯ ಗಡ್ಡೆ ಇರಬಹುದು. ಇಲ್ಲಿ ಪಸರು ಮಂದಿಗೆ ಕಳೆದ ಪ್ರತಿ ವಾರವೂ ನಷ್ಟ. ಅಲ್ಟ್ರಾಸೌಂಡ್ ಮಾಡಿಸಿ.

ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಹೊಟ್ಟೆಪಾಡಿಗೆ ರೇಷ್ಮೆ ಬಿಚ್ಚುವವರು, ಮಾರುಕಟ್ಟೆಯಲ್ಲಿ ಕೂಲಿ ಮಾಡುವವರು ಖರ್ಚಿಗೆ ಹೆದರಿ ಊರಲ್ಲೇ ಉಳಿಯುವುದುಂಟು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ ಎಂಬುದೂ ನಿಮಗೆ ತಿಳಿದಿರಲಿ.

ಯೂನಾನಿ ವೈದ್ಯರ ಬಳಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಬರುವಾಗ ರಕ್ತ ಪರೀಕ್ಷೆಯ ವರದಿ ಕೈಯಲ್ಲಿರಲಿ. ವರದಿ ನೋಡದೆ ಕಾಮಾಲೆಗೆ ಔಷಧಿ ಕೊಡುವವರು ಯಾರೇ ಆಗಿರಲಿ, ಅವರಿಂದ ತೆಗೆದುಕೊಳ್ಳಬೇಡಿ. ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ಆರೋಗ್ಯ ಕರುಣಿಸಲಿ, ಆಮೀನ್.