ಹಾಲಿನೊಳಗೆ ಮೂಡುವ ಬೆಳಕಿನ ಕೋಲು

ಅಡುಗೆಮನೆಯ ದೀಪ ಆರಿಸಿ. ಎರಡು ಗಾಜಿನ ಲೋಟ ಪಕ್ಕಪಕ್ಕ ಇಡಿ. ಒಂದಕ್ಕೆ ಚೆನ್ನಾಗಿ ಸೋಸಿದ ಸಕ್ಕರೆ ನೀರು, ಇನ್ನೊಂದಕ್ಕೆ ಬರೀ ನೀರು ಮತ್ತು ಒಂದೆರಡು ಹನಿ ಹಾಲು. ಕಪ್ಪು ಕಾಗದದಲ್ಲಿ ಸೂಜಿಯಿಂದ ತೂತು ಮಾಡಿ ಮೊಬೈಲ್ ಟಾರ್ಚಿಗೆ ಅಡ್ಡ ಹಿಡಿದು, ಪಕ್ಕದಿಂದ ಬೆಳಕು ಹಾಯಿಸಿ. ಸಕ್ಕರೆ ನೀರಿನಲ್ಲಿ ಬೆಳಕು ಹಾದುಹೋದ ಸುಳಿವೇ ಸಿಗುವುದಿಲ್ಲ. ಹಾಲು ಬೆರೆತ ನೀರಿನಲ್ಲಿ? ನೋಡಿ, ನೋಡಿ! ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಒಂದು ಬೆಳಕಿನ ಕೋಲು! ಅದಕ್ಕೆ ತುಸು ನೀಲಿಯ ಛಾಯೆ ಬೇರೆ!

ಉಪ್ಪುನೀರು, ಸಕ್ಕರೆ ನೀರು ಸಮರೂಪ ಮಿಶ್ರಣಗಳು. ಮೇಲಿನ ಚಮಚೆಯೂ ತಳದ ಚಮಚೆಯೂ ಒಂದೇ ರುಚಿ. ಸಾರು ಹಾಗಲ್ಲ. ಬೇಳೆ ತಳಕ್ಕಿಳಿಯುತ್ತದೆ, ಒಗ್ಗರಣೆಯ ಎಣ್ಣೆ ಮೇಲೆ ತೇಲುತ್ತದೆ. ಅದಕ್ಕೇ ಬಡಿಸುವ ಮುನ್ನ ಸೌಟಿನಿಂದ ಒಮ್ಮೆ ತಿರುವುತ್ತೇವೆ. ಆ ಒಂದು ತಿರುವಿನಲ್ಲೇ ಅಸಮರೂಪ ಮಿಶ್ರಣದ ಪಾಠವೆಲ್ಲ ಅಡಗಿದೆ!

ಹಾಲನ್ನು ಮಾತ್ರ ಕಣ್ಣು ನಂಬಿಬಿಡುತ್ತದೆ. ಎಷ್ಟು ನುಣುಪು, ಎಷ್ಟು ಒಂದೇ ಸಮ! ಆದರೆ ಸಕ್ಕರೆಯ ಅಣು ಮಿಲಿಮೀಟರಿನ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು; ಬೆಳಕನ್ನು ಕಾಣುವಷ್ಟು ಚದುರಿಸಲು ಅದಕ್ಕೆ ಗಾತ್ರ ಸಾಲದು. ಹಾಲಿನ ಕೇಸಿನ್ ಪ್ರೋಟೀನಿನ ಉಂಡೆಗಳು ಅದರ ನೂರು ಪಟ್ಟಿಗೂ ದೊಡ್ಡವು. ಕೊಬ್ಬಿನ ಹನಿಗಳಂತೂ ಇನ್ನೂ ದೊಡ್ಡವು. ಇವೆಲ್ಲ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತವೆ. ಇಂಥ ಮಿಶ್ರಣಕ್ಕೆ ಕಲಿಲ ಎಂದು ಹೆಸರು. ಬೆಳಕಿನ ಈ ಆಟಕ್ಕೆ ಟಿಂಡಾಲ್ ಪರಿಣಾಮ ಎಂದು. ಮೈಕೆಲ್ ಫ್ಯಾರಡೆ 1850ರ ದಶಕದಲ್ಲೇ ಚಿನ್ನದ ಅತಿಸಣ್ಣ ಕಣಗಳು ತೇಲುವ ಮಾಣಿಕ್ಯಗೆಂಪು ದ್ರವದಲ್ಲಿ ಇದೇ ಬೆಳಕನ್ನು ಕಂಡಿದ್ದ. ಲಂಡನ್ನಿನ ಪ್ರಯೋಗಶಾಲೆಯಲ್ಲಿ ಚಿನ್ನ ತೋರಿದ್ದನ್ನು ನಮ್ಮ ಲೋಟದಲ್ಲಿ ಹಾಲು ತೋರುತ್ತಿದೆ!

ಇನ್ನು ಮೊಸರು ಕಡೆಯುವುದನ್ನು ನೋಡಿ. ಸಕ್ಕರೆ ನೀರನ್ನು ಬೆಳಗಿನಿಂದ ಸಂಜೆಯವರೆಗೆ ಕಡೆದರೂ ಒಂದು ಹರಳು ಮೇಲೆ ಬಾರದು. ಮೊಸರಿಗೆ ಕಡಗೋಲು ಹಾಕಿದರೆ ಬೆಣ್ಣೆ ತೇಲಿ ಬರುತ್ತದೆ. ಏಕೆ? ಕೊಬ್ಬು ಅಲ್ಲಿ ಕರಗಿಯೇ ಇರಲಿಲ್ಲ! ತೆಳುಪೊರೆ ಹೊದ್ದ ಹನಿಗಳಾಗಿ ಬಿಡಿಬಿಡಿಯಾಗಿತ್ತು. ಕಡೆತಕ್ಕೆ ಪೊರೆ ಹರಿಯುತ್ತದೆ, ಹನಿಗೆ ಹನಿ ಅಂಟುತ್ತದೆ, ಮುದ್ದೆಗಟ್ಟುತ್ತದೆ. ಆಗ ಎಲ್ಲವೂ ತಿರುವುಮುರುವು: ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಹನಿ, ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರಿನ ಹನಿ! ಬೆಣ್ಣೆ ಕಾಯಿಸುವಾಗ ಕೇಳುವ ಚಟಪಟ ಸದ್ದು ಆ ನೀರು ಹೊರಡುವ ಸದ್ದು. ಸದ್ದು ಅಡಗಿತೆಂದರೆ ತುಪ್ಪ ಹದಕ್ಕೆ ಬಂತೆಂದೇ ಲೆಕ್ಕ.

ಪ್ಯಾಕೆಟ್ಟಿನ ಮೇಲೆ ‘ಹೋಮೋಜಿನೈಸ್ಡ್’ ಎಂದಿರುವ ಹಾಲು? ಫ್ರಾನ್ಸಿನ ಆಗಸ್ಟ್ ಗೊಲಾಂ 1899ರಲ್ಲಿ ಪೇಟೆಂಟ್ ಪಡೆದ ಯಂತ್ರದ ಕರಾಮತ್ತು ಅದು. ಹಾಲನ್ನು ಭಾರೀ ಒತ್ತಡದಲ್ಲಿ ಕಿರುಸಂದಿಯಿಂದ ನುಗ್ಗಿಸಿದರೆ ಕೊಬ್ಬಿನ ಹನಿಗಳು ಒಡೆದು ಚೂರಾಗುತ್ತವೆ, ಕೆನೆ ಮೇಲೇಳುವುದಿಲ್ಲ. ಆದರೂ ಅದರ ಒಂದೆರಡು ಹನಿ ನೀರಿಗೆ ಬೆರೆಸಿ ಟಾರ್ಚ್ ಹಿಡಿದು ನೋಡಿ, ಬೆಳಕಿನ ಕೋಲು ಅಲ್ಲೇ ಇದೆ! ಹನಿ ಚಿಕ್ಕದಾಯಿತೇ ಹೊರತು ಕರಗಲಿಲ್ಲ.

ಹಾಗಾದರೆ ಅಪ್ಪಟ ನೀರು ಬೆಳಕನ್ನು ಚದುರಿಸುವುದೇ ಇಲ್ಲವೇ? ಈ ಪ್ರಶ್ನೆಯ ಬೆನ್ನು ಹತ್ತಿದವರು ಸಿ.ವಿ. ರಾಮನ್. 1921ರ ಹಡಗು ಪಯಣದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ, ತೀರಾ ಮಂದವಾಗಿ, ಎಂದು ಅವರು ತೋರಿಸಿದರು. ಅದೇ ಜಾಡು 1928ರಲ್ಲಿ ರಾಮನ್ ಪರಿಣಾಮಕ್ಕೆ ಮುಟ್ಟಿತು. ಅಲ್ಲಿಗೆ ಸಮರೂಪ ಎಂಬುದು ಎಷ್ಟು ಹತ್ತಿರದಿಂದ ನೋಡುತ್ತೇವೆ ಎಂಬುದರ ಮೇಲೆ ನಿಂತ ಮಾತು. ಎಳನೀರು, ಹುಣಸೆರಸ, ಅಕ್ಕಿ ತೊಳೆದ ನೀರು, ನೀರುಮಜ್ಜಿಗೆ ಎಲ್ಲ ಸಾಲಾಗಿ ಕಾದಿವೆ. ಮಕ್ಕಳನ್ನು ಕರೆಯಿರಿ. ಮೊದಲು ಅವರು ಊಹಿಸಲಿ, ಆಮೇಲೆ ಟಾರ್ಚ್ ಹಾಕಿ!