ನಳಿಕೆಯೊಂದರ ಉಲ್ಲೇಖಚರಿತೆ

ಜಪಾನಿನ ಸುಮಿಯೊ ಈಜಿಮ ಅವರು 1991ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನವು, ಇಂಗಾಲದ ಹಾಳೆಗಳು ಒಂದರೊಳಗೊಂದು ಸುತ್ತಿಕೊಂಡು 4ರಿಂದ 30 ನ್ಯಾನೊಮೀಟರ್ ವ್ಯಾಸದ ನಳಿಕೆಗಳಾಗುವ ಬಗೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಾಣಿಸಿ, ನ್ಯಾನೊವಸ್ತುಗಳ ಅಧ್ಯಯನದಲ್ಲಿ ಅತ್ಯಧಿಕವಾಗಿ ಉಲ್ಲೇಖಗೊಂಡ ಬರೆಹಗಳಲ್ಲೊಂದೆಂಬ ಪ್ರತಿಷ್ಠೆಯನ್ನು ಪಡೆಯಿತು. ಆದರೆ ಅಂತಹ ಟೊಳ್ಳು ಎಳೆಗಳ ಚಿತ್ರಗಳನ್ನು 1952ರಷ್ಟು ಹಿಂದೆಯೇ ರದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಎಂಬ ಸೋವಿಯತ್ ವಿಜ್ಞಾನಿಗಳು ರಷ್ಯನ್ ಭಾಷೆಯ ಭೌತರಸಾಯನ ಪತ್ರಿಕೆಯೊಂದರಲ್ಲಿ ಅಚ್ಚುಮಾಡಿಸಿದ್ದರು. ಶೀತಲಸಮರದ ಆ ದಿನಗಳಲ್ಲಿ ಪಶ್ಚಿಮದ ಪ್ರಯೋಗಶಾಲೆಗಳಿಗೆ ಆ ಭಾಷೆಯೂ ದೂರ, ಆ ಪತ್ರಿಕೆಯೂ ದೂರ. 1976ರಲ್ಲಿ ಓಬರ್ಲಿನ್, ಎಂಡೊ, ಕೊಯಾಮ ಅವರು ಇಂಗ್ಲಿಷಿನಲ್ಲಿಯೇ ಬರೆದರೂ ಲೋಕವು ವಿಶೇಷವಾಗಿ ತಿರುಗಿ ನೋಡಲಿಲ್ಲ. 1985ರಲ್ಲಿ ಇಂಗಾಲದ ಅರವತ್ತು ಪರಮಾಣುಗಳ ಫುಲರೀನು ಎಂಬ ಅಣು ಪತ್ತೆಯಾಗಿ ಇಂಗಾಲದ ಕಡೆಗೆ ಕುತೂಹಲ ಹರಿದ ಮೇಲಷ್ಟೆ ಓದುಗರು ಸಿದ್ಧರಾದರು. ಹೀಗೆಂದು ಈಜಿಮ ಅವರ ಕೀರ್ತಿಗೆ ಕುಂದಿಲ್ಲ: ನಳಿಕೆಯ ಗೋಡೆಗಳ ಪದರಗಳನ್ನು ಎಣಿಸಿ, ಅವುಗಳ ಸುರುಳಿವಿನ್ಯಾಸವನ್ನು ನಿರೂಪಿಸಿದ ಸೂಕ್ಷ್ಮತೆಯು ನಿಜಕ್ಕೂ ಅವರದೇ.

ಇಂದು ಇಂತಹ ಪ್ರತಿಷ್ಠೆಯನ್ನು ಅಳೆಯಲು ಬಳಸುವ, ಉಲ್ಲೇಖಗಳನ್ನು ಎಣಿಸುವ ಪದ್ಧತಿಯಾದರೋ ಬೇರೊಂದು ಪ್ರಯೋಜನಕ್ಕಾಗಿ ಹುಟ್ಟಿದುದು. ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿದವು ಎಂದು ತೋರಿಸುತ್ತಿದ್ದ ಅಮೆರಿಕದ ವಕೀಲರ ಕೈಪಿಡಿಯನ್ನು ಮಾದರಿಯಾಗಿಟ್ಟುಕೊಂಡು, ಯುಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ವಿಜ್ಞಾನಕ್ಕೂ ಅಂತಹ ಸೂಚಿಯಿರಲೆಂದು ಪ್ರತಿಪಾದಿಸಿ, 1960ರ ದಶಕದಲ್ಲಿ ಅದನ್ನು ಫಿಲಡೆಲ್ಫಿಯದಿಂದ ಹೊರತಂದರು. ಒಂದು ವಿಚಾರದ ಸಂತತಿಯನ್ನು ಅರಸುವವನಿಗೆ ಅದು ದಾರಿದೀಪವಾಗಿತ್ತು. ಅದರಿಂದಲೇ ಜನಿಸಿದ ಪ್ರಭಾವಾಂಕವು, ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳ ಸರಾಸರಿ. ಗ್ರಂಥಾಲಯಗಳು ಪತ್ರಿಕೆಗಳನ್ನು ಆರಿಸಿಕೊಳ್ಳಲು ನೆರವಾಗುತ್ತಿದ್ದ ಈ ಅಂಕಿಯು, ಕಾಲಕ್ರಮದಲ್ಲಿ ವ್ಯಕ್ತಿಗಳ ನೇಮಕ, ಬಡ್ತಿ, ಅನುದಾನಗಳನ್ನು ನಿರ್ಣಯಿಸುವ ತಕ್ಕಡಿಯಾಯಿತು. ಇಂತಹ ದುರುಪಯೋಗದ ಬಗೆಗೆ ಸ್ವತಃ ಗಾರ್ಫೀಲ್ಡ್ ಅವರೇ ಎಚ್ಚರಿಸಿದ್ದರು.

ಸಂಶೋಧಕರು ಕಿಕ್ಕಿರಿದು ನೆರೆದಿರುವ ನ್ಯಾನೊವಸ್ತುಗಳ ಕ್ಷೇತ್ರದಲ್ಲಿ ಉಲ್ಲೇಖಗಳೂ ಕ್ಷಿಪ್ರವಾಗಿ ಬೀಳುವುದರಿಂದ ಅಂಕಿಗಳು ಬೇಗನೆ ಉಬ್ಬುತ್ತವೆ. ಎರಡು ವರ್ಷಗಳ ಆ ಕಿಟಕಿಯಿಂದ ನೋಡಿದ್ದರೆ 1952ರ ಲೇಖನವು ಇಲ್ಲವೆಂದೇ ತೋರುತ್ತಿತ್ತು. ಉಲ್ಲೇಖವು ಓದಿದವರ ಸಾಕ್ಷ್ಯವೇ ಹೊರತು, ಸತ್ಯದ ಪ್ರಮಾಣವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಆದಕಾರಣ, ತರುಣ ವಿಜ್ಞಾನಿಗಳ ಯೋಗ್ಯತೆಯನ್ನು ಅಳೆಯಲು ಕುಳಿತ ಹಿರಿಯರು, ಅಂಕಿಗಳ ಪಟ್ಟಿಯನ್ನು ಪಕ್ಕಕ್ಕಿರಿಸಿ, ಮುಂದಿರುವ ಲೇಖನಗಳಲ್ಲಿ ಎರಡನ್ನಾದರೂ ಆದ್ಯಂತ ಓದಬೇಕೆಂದು ಕೋರುತ್ತೇನೆ.