ವಿದೇಶ ಪ್ರವಾಸದಲ್ಲಿ ಮೊಬೈಲ್ ದೂರವಾಣಿ: ರೋಮಿಂಗ್ ವೆಚ್ಚದ ನಿರ್ವಹಣೆ

ನಾಸಿಕದಿಂದ ಮುಂಬಯಿಗೆ ಹೊರಟ ಪ್ರಯಾಣಿಕರು ಕಸಾರಾ ಘಾಟಿ ಇಳಿದು ಕಲ್ಯಾಣ ಸಮೀಪಿಸುತ್ತಿದ್ದಂತೆಯೇ ಮೊಬೈಲ್ ಕರೆಗಳನ್ನು ಸ್ವೀಕರಿಸಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ದೂರಸಂಪರ್ಕ ಇಲಾಖೆಯ ವಿಂಗಡಣೆಯಂತೆ ಮುಂಬಯಿ ಒಂದು ಸೇವಾ ವಲಯ, ಮಹಾರಾಷ್ಟ್ರದ ಉಳಿದ ಭಾಗ ಇನ್ನೊಂದು ವಲಯ. ಒಂದು ವಲಯದ ಗ್ರಾಹಕನು ಮತ್ತೊಂದು ವಲಯವನ್ನು ಪ್ರವೇಶಿಸಿದೊಡನೆ ‘ರೋಮಿಂಗ್’ ದರ ಅನ್ವಯವಾಗುತ್ತಿತ್ತು. ನಿಪ್ಪಾಣಿ ದಾಟಿ ಕಾಗಲ್ ಸೇರಿದ ಕನ್ನಡಿಗನಿಗೂ ಇದೇ ಅನುಭವವಾಗುತ್ತಿತ್ತು. 1995ರ ಜುಲೈ 31ರಂದು ಕಲ್ಕತ್ತಾ ಮತ್ತು ದೆಹಲಿಗಳ ನಡುವೆ ದೇಶದ ಮೊದಲ ಮೊಬೈಲ್ ಕರೆ ನಡೆದ ನಂತರ ಹಲವು ವರ್ಷಗಳ ಕಾಲ ಒಳಬರುವ ಕರೆಗೂ ಗ್ರಾಹಕನೇ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಹೊರೆ ತಪ್ಪಿತು. 2015ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ದೇಶದೊಳಗಿನ ರೋಮಿಂಗ್ ದರಗಳನ್ನು ಇಳಿಸಿತು. ಅನಂತರದ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಶುಲ್ಕವೆಂಬುದೇ ಬಹುಮಟ್ಟಿಗೆ ಮರೆಯಾಯಿತು.

ದೇಶದ ಗಡಿಯಾಚೆಗೆ ಮಾತ್ರ ಹಳೆಯ ಪದ್ಧತಿ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಜಿಲ್ಲೆಗಳಿಂದ ವಿದೇಶಕ್ಕೆ ಹೋಗಿಬರುವವರು ನಾನಾ ವರ್ಗದವರು. ಜನವರಿಯಿಂದ ಏಪ್ರಿಲ್‌ವರೆಗಿನ ಹಂಗಾಮಿನಲ್ಲಿ ನಾಸಿಕದ ದ್ರಾಕ್ಷಿ ನೆದರ್ಲೆಂಡ್ಸ್ ಮೊದಲಾದ ದೇಶಗಳಿಗೆ ರವಾನೆಯಾಗುತ್ತದೆ. ಅದರ ಹಿಂದೆಯೇ ರಫ್ತುದಾರರೂ ಹೋಗುತ್ತಾರೆ. ಓಝರ್‌ನಲ್ಲಿರುವ ಹಿಂದುಸ್ತಾನ್ ಏರೋನಾಟಿಕ್ಸ್ ವಿಭಾಗದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಅಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಹೊಸತಲ್ಲ. ವಾಳೂಜ್ ಮತ್ತು ಶೇಂದ್ರಾ ಕೈಗಾರಿಕಾ ಪ್ರದೇಶಗಳ ಇಂಜಿನಿಯರುಗಳಿದ್ದಾರೆ, ಹೊರದೇಶದಲ್ಲಿ ಓದುತ್ತಿರುವ ಮಕ್ಕಳನ್ನು ಕಾಣಲು ಹೋಗುವ ತಂದೆತಾಯಿಗಳಿದ್ದಾರೆ, ಹಜ್ ಯಾತ್ರಿಕರಿದ್ದಾರೆ. ಇವರೆಲ್ಲರ ಕೈಯಲ್ಲಿಯೂ ಮೊಬೈಲ್ ಇದೆ. ಅದು ವಿದೇಶದಲ್ಲಿ ಎಷ್ಟು ಖರ್ಚು ತರುತ್ತದೆ ಎಂಬುದು ಬಹುಪಾಲು ಊರು ಬಿಡುವ ಮೊದಲೇ ನಿರ್ಧಾರವಾಗಿರುತ್ತದೆ.

ಕರೆ ಸಾಗುವ ದಾರಿ

ವಿದೇಶದ ವಿಮಾನ ನಿಲ್ದಾಣದಲ್ಲಿ ಮೊಬೈಲನ್ನು ಚಾಲೂ ಮಾಡಿದಾಗ ಅದು ಅಲ್ಲಿನ ಯಾವುದಾದರೊಂದು ಕಂಪನಿಯ ಜಾಲವನ್ನು ಹುಡುಕಿಕೊಳ್ಳುತ್ತದೆ. ಆ ಅತಿಥೇಯ ಜಾಲವು ಸಿಮ್ ಕಾರ್ಡಿನ ಗುರುತನ್ನು ಭಾರತದ ಕಂಪನಿಗೆ ಕಳುಹಿಸಿ, ಗ್ರಾಹಕನಿಗೆ ಸೇವೆ ನೀಡಬಹುದೇ ಎಂದು ವಿಚಾರಿಸುತ್ತದೆ. ಒಪ್ಪಿಗೆ ದೊರೆತರೆ ಸೇವೆ ಆರಂಭವಾಗುತ್ತದೆ. ಬಳಕೆಯ ಲೆಕ್ಕವನ್ನು ಅತಿಥೇಯ ಕಂಪನಿಯು ಭಾರತದ ಕಂಪನಿಗೆ ಸಲ್ಲಿಸಿ ಸಗಟು ದರದಲ್ಲಿ ಹಣ ಪಡೆಯುತ್ತದೆ. ಭಾರತದ ಕಂಪನಿಯು ತನ್ನ ದರದಂತೆ ಗ್ರಾಹಕನಿಂದ ವಸೂಲು ಮಾಡುತ್ತದೆ. ಎರಡು ಕಂಪನಿಗಳ ನಡುವಿನ ಒಪ್ಪಂದ ಯಾವ ದೇಶಕ್ಕೆ ಹೇಗಿದೆಯೋ ಅದರಂತೆ ದರವೂ ಬದಲಾಗುತ್ತದೆ. ನೆರೆಯ ಎರಡು ದೇಶಗಳಲ್ಲಿ ಒಂದರ ದರ ಇನ್ನೊಂದರ ಹಲವು ಪಟ್ಟು ಇರುವುದು ಈ ಕಾರಣದಿಂದಲೇ.

ಒಳಬರುವ ಕರೆಗೆ ಹಣ ಏಕೆ ಎಂಬ ಪ್ರಶ್ನೆ ಸಹಜ. ನಾಸಿಕ ರೋಡ್‌ನಲ್ಲಿರುವ ತಾಯಿಯು ರಾಟರ್‌ಡ್ಯಾಮಿನಲ್ಲಿರುವ ಮಗನ ಭಾರತೀಯ ಸಂಖ್ಯೆಗೆ ಕರೆ ಮಾಡಿದರೆ ಆಕೆಯ ದೃಷ್ಟಿಯಲ್ಲಿ ಅದು ಊರಿನ ಕರೆಯೇ. ಮಗ ಎಲ್ಲಿದ್ದಾನೆಂಬುದನ್ನು ಅವನ ಸಂಖ್ಯೆ ತಿಳಿಸುವುದಿಲ್ಲ. ಆದ್ದರಿಂದ ಆಕೆಗೆ ಊರಿನ ದರವೇ ಬೀಳುತ್ತದೆ. ಭಾರತದಿಂದ ನೆದರ್ಲೆಂಡ್ಸ್‌ವರೆಗಿನ ದಾರಿಯ ವೆಚ್ಚ ಮಗನ ಪಾಲಿಗೆ ಬರುತ್ತದೆ.

ಇದರಿಂದ ಹುಟ್ಟುವ ಇನ್ನೊಂದು ತೊಡಕು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ‘ಉತ್ತರಿಸದಿದ್ದರೆ ಬೇರೆ ಸಂಖ್ಯೆಗೆ ವರ್ಗಾಯಿಸು’ ಎಂಬ ವ್ಯವಸ್ಥೆ ಮೊಬೈಲಿನಲ್ಲಿ ಜಾರಿಯಲ್ಲಿದ್ದರೆ, ಭಾರತದಿಂದ ಬಂದ ಕರೆಯು ಮೊದಲು ವಿದೇಶಕ್ಕೆ ಹೋಗಿ, ಅಲ್ಲಿ ಯಾರೂ ಎತ್ತದಿರುವಾಗ ಮತ್ತೆ ಭಾರತದ ಸಂಖ್ಯೆಗೆ ಮರಳಬಹುದು. ಆಗ ಹೋದ ದಾರಿಗೂ ಬಂದ ದಾರಿಗೂ ಶುಲ್ಕ ಬೀಳುವ ಸಂಭವವುಂಟು. ಮಾತನಾಡದ ಕರೆಗೆ ಎರಡು ಶುಲ್ಕ! ಹೊರಡುವ ಮೊದಲು ##002# ಎಂದು ಒತ್ತಿ ಕರೆ ಮಾಡಿದರೆ ಎಲ್ಲ ವರ್ಗಾವಣೆಗಳೂ ರದ್ದಾಗುತ್ತವೆ.

ಕಾಣದ ಖರ್ಚು

ಕರೆಯ ಖರ್ಚು ಕಣ್ಣಿಗೆ ಕಾಣುತ್ತದೆ, ಡೇಟಾ ಖರ್ಚು ಕಾಣುವುದಿಲ್ಲ. ಮೊಬೈಲು ಕಿಸೆಯಲ್ಲಿರುವಾಗಲೇ ಆ್ಯಪ್‌ಗಳು ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತವೆ, ಛಾಯಾಚಿತ್ರಗಳು ತಾವಾಗಿಯೇ ದೂರದ ಸಂಗ್ರಹಕ್ಕೆ ಏರುತ್ತವೆ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ವಿಡಿಯೊಗಳು ಬಂದು ಬೀಳುತ್ತವೆ. ಲೆಕ್ಕದ ಸಲುವಾಗಿ, ಪ್ಯಾಕ್ ಇಲ್ಲದ ಗ್ರಾಹಕನಿಗೆ ಒಂದು ಎಂಬಿಗೆ 10 ರೂಪಾಯಿ ದರವೆಂದು ಭಾವಿಸೋಣ. 25 ಎಂಬಿಯ ಒಂದು ಹುಟ್ಟುಹಬ್ಬದ ವಿಡಿಯೊ 250 ರೂಪಾಯಿ. ಒಂದು ಜಿಬಿ ಎಂದರೆ 1,024 ಎಂಬಿ. ಅದಕ್ಕೆ 10,240 ರೂಪಾಯಿ, ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 12,083 ರೂಪಾಯಿ. ಊರಿನಲ್ಲಿ ಒಂದು ಜಿಬಿಯನ್ನು ಒಂದೇ ದಿನದಲ್ಲಿ ಮುಗಿಸುವವರು ಸಾಕಷ್ಟು ಮಂದಿ.

ಪ್ರಿಪೇಯ್ಡ್ ಗ್ರಾಹಕನಿಗೆ ಒಂದು ರಕ್ಷಣೆಯಿದೆ. ಖಾತೆಯಲ್ಲಿದ್ದ ಹಣ ಮುಗಿದರೆ ಸೇವೆ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್ ಗ್ರಾಹಕನ ಲೆಕ್ಕವಾದರೋ ವಿದೇಶದ ಕಂಪನಿಯಿಂದ ತಡವಾಗಿ ಬರುವುದರಿಂದ ಎಚ್ಚರಿಕೆಯ ಸಂದೇಶ ತಲುಪುವಷ್ಟರಲ್ಲಿ ಮಿತಿ ಮೀರಿರಬಹುದು. ಆದುದರಿಂದ ಪೋಸ್ಟ್‌ಪೇಯ್ಡ್ ಗ್ರಾಹಕರು ವಿದೇಶ ಬಳಕೆಗೆ ಹಣದ ಮಿತಿಯೊಂದನ್ನು ಕಂಪನಿಯಿಂದ ಮೊದಲೇ ಗೊತ್ತುಪಡಿಸಿಕೊಳ್ಳುವುದು ಉಚಿತ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ರೋಮಿಂಗ್’ ಎಂಬ ಗುಂಡಿಯಿರುತ್ತದೆ. ಪ್ಯಾಕ್ ಜಾರಿಗೆ ಬಂದಿದೆಯೆಂಬ ಸಂದೇಶ ಬರುವವರೆಗೆ ಅದನ್ನು ಮುಚ್ಚಿಯೇ ಇಡತಕ್ಕದ್ದು. ಪ್ಯಾಕಿನ ಡೇಟಾ ಮುಗಿದ ಮೇಲೆ ಸೇವೆ ನಿಲ್ಲುತ್ತದೆಯೋ ಅಥವಾ ಸಾಮಾನ್ಯ ದರ ಆರಂಭವಾಗುತ್ತದೆಯೋ ಎಂಬುದನ್ನು ಕೊಳ್ಳುವಾಗಲೇ ಕೇಳಬೇಕು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವ ಸಂಗತಿ ಇದಲ್ಲ.

ದಿನ, ಗಡಿ ಮತ್ತು ನಡುದಾರಿ

‘ಒಂದು ದಿನದ ಪ್ಯಾಕ್’ ಎಂಬಲ್ಲಿ ದಿನವೆಂದರೆ ಯಾವುದು? ಕೆಲವು ಪ್ಯಾಕುಗಳಲ್ಲಿ ಮೊದಲ ಬಳಕೆಯಿಂದ 24 ಗಂಟೆ, ಇನ್ನು ಕೆಲವುಗಳಲ್ಲಿ ಭಾರತೀಯ ಕಾಲಮಾನದ ಮಧ್ಯರಾತ್ರಿಯವರೆಗೆ. ಚಳಿಗಾಲದಲ್ಲಿ ನೆದರ್ಲೆಂಡ್ಸ್ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ನಮ್ಮ ಮಧ್ಯರಾತ್ರಿ ಅಲ್ಲಿನ ಸಂಜೆ 7-30. ಫೆಬ್ರವರಿಯ ಸಂಜೆ 6 ಗಂಟೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದ ದ್ರಾಕ್ಷಿ ರಫ್ತುದಾರನು ಎರಡನೆಯ ಬಗೆಯ ಪ್ಯಾಕ್ ಕೊಂಡಿದ್ದರೆ ಒಂದೂವರೆ ಗಂಟೆಯಲ್ಲಿಯೇ ಅವನ ಮೊದಲ ದಿನ ಮುಗಿದುಹೋಗುತ್ತದೆ. ಸೌದಿ ಅರೇಬಿಯದಲ್ಲಿ ಈ ಗಡಿ ರಾತ್ರಿ 9-30ಕ್ಕೆ ಬರುತ್ತದೆ.

ನಾಸಿಕದ ವಿದೇಶ ಪ್ರಯಾಣಿಕರು ಸಾಮಾನ್ಯವಾಗಿ ಮುಂಬಯಿಯಿಂದ ವಿಮಾನವೇರುತ್ತಾರೆ. ಅನೇಕರು ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುತ್ತಾರೆ. ಯೂರೋಪಿಗೆಂದು ಕೊಂಡ ಪ್ಯಾಕ್ ಈ ನಡುದಾರಿಯ ದೇಶಕ್ಕೆ ಅನ್ವಯಿಸದಿರಬಹುದು. ಅಲ್ಲಿ ಮೊಬೈಲನ್ನು ವಿಮಾನ ಸ್ಥಿತಿಯಲ್ಲಿಯೇ ಇಟ್ಟು ನಿಲ್ದಾಣದ ವೈ-ಫೈ ಬಳಸುವುದು ಸುರಕ್ಷಿತ. ಹಾರುತ್ತಿರುವ ವಿಮಾನದಲ್ಲಿಯೂ ಸಾಗುತ್ತಿರುವ ಹಡಗಿನಲ್ಲಿಯೂ ದೊರೆಯುವ ಸಂಕೇತವು ಉಪಗ್ರಹದ ಮೂಲಕ ಬರುವ ಪ್ರತ್ಯೇಕ ಜಾಲದ್ದು; ದೇಶಗಳ ಪ್ಯಾಕುಗಳು ಸಾಮಾನ್ಯವಾಗಿ ಅದಕ್ಕೆ ಸಲ್ಲುವುದಿಲ್ಲ.

ಯೂರೋಪಿನಲ್ಲಿ ಇನ್ನೊಂದು ವಿಚಾರ. 2017ರ ಜೂನ್ 15ರಿಂದ ಯೂರೋಪಿಯನ್ ಒಕ್ಕೂಟದೊಳಗೆ ರೋಮಿಂಗ್ ಶುಲ್ಕ ರದ್ದಾಗಿದೆ ಎಂಬ ಮಾತನ್ನು ಹಲವರು ಕೇಳಿದ್ದಾರೆ. ಆ ಸೌಲಭ್ಯ ಒಕ್ಕೂಟದ ದೇಶಗಳಲ್ಲಿ ಕೊಂಡ ಸಿಮ್‌ಗಳಿಗೆ ಮಾತ್ರ, ಭಾರತದ ಸಿಮ್‌ಗಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟದ ಹೊರಗಿದೆ. ಜರ್ಮನಿಯ ಗಡಿಯೂರಿನಲ್ಲಿ ನಿಂತ ಮೊಬೈಲು ನದಿಯಾಚೆಯ ಸ್ವಿಸ್ ಟವರನ್ನು ಹಿಡಿದುಕೊಂಡರೆ ಶುಲ್ಕ ಸ್ವಿಟ್ಜರ್ಲೆಂಡಿನದೇ ಬೀಳುತ್ತದೆ. ಇಂತಹ ಕಡೆ ಜಾಲದ ಆಯ್ಕೆಯನ್ನು ಮೊಬೈಲಿಗೇ ಬಿಡದೆ, ಪ್ಯಾಕಿನಲ್ಲಿ ಹೆಸರಿಸಿದ ಕಂಪನಿಯನ್ನು ಕೈಯಾರೆ ಆರಿಸಬೇಕು.

ಹಜ್ ಯಾತ್ರಿಕರು

ಸಂಭಾಜಿನಗರದ ಚಿಕಲ್‌ಠಾಣಾ ವಿಮಾನ ನಿಲ್ದಾಣವು ಹಲವು ವರ್ಷಗಳಲ್ಲಿ ಮರಾಠವಾಡಾದ ಹಜ್ ಯಾತ್ರಿಕರ ನಿರ್ಗಮನ ಕೇಂದ್ರವಾಗಿದೆ. ಇವರಲ್ಲಿ ಮೊದಲ ಬಾರಿಗೆ ದೇಶ ಬಿಡುವ ವೃದ್ಧರೂ ಇರುತ್ತಾರೆ. ಲಕ್ಷಾಂತರ ಜನ ಒಂದೇ ಕಡೆ ಸೇರುವ ಮಿನಾದಲ್ಲಿ ದಾರಿ ತಪ್ಪಿದವರಿಗೆ ಮೊಬೈಲೇ ಆಸರೆ. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು 2024ರ ಮಾರ್ಚ್‌ನಲ್ಲಿ ಹೊರತಂದ ‘ಹಜ್ ಸುವಿಧಾ’ ಆ್ಯಪ್‌ನಲ್ಲಿ ವಸತಿ ಮತ್ತು ವಿಮಾನದ ವಿವರ, ತುರ್ತು ಸಹಾಯ, ದೂರು ಸಲ್ಲಿಕೆ ಮೊದಲಾದ ಅನುಕೂಲಗಳಿವೆ. ಡೇಟಾ ಇಲ್ಲದಿದ್ದರೆ ಇವು ಕೆಲಸಕ್ಕೆ ಬಾರವು. ಖರ್ಚಿನ ಭಯದಿಂದ ಯಾತ್ರಿಕನು ಡೇಟಾವನ್ನು ಪೂರ್ತಿ ಮುಚ್ಚಿಬಿಟ್ಟರೆ ಹಣ ಉಳಿದೀತು. ಆದರೆ ಬೇಕಾದ ಹೊತ್ತಿಗೆ ಸಹಾಯ ಸಿಗದು.

ಯಾತ್ರೆಯ ಅವಧಿ ವಾಡಿಕೆಯಂತೆ ಸುಮಾರು 40 ದಿನ. ಒಂದು ತಿಂಗಳ ಪ್ಯಾಕ್ ಇದಕ್ಕೆ ಸಾಲದು, ಎರಡು ಕೊಂಡರೆ ವ್ಯರ್ಥ. ಇಷ್ಟು ದೀರ್ಘ ವಾಸಕ್ಕೆ ಅಲ್ಲಿನ ಸಿಮ್ ಕೊಳ್ಳುವುದೇ ಲಾಭಕರ. ಸೌದಿಯಲ್ಲಿ ಸಿಮ್ ಪಡೆಯಲು ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ನೀಡಬೇಕು. ಆದಕಾರಣ ಪ್ರತಿಯೊಬ್ಬರೂ ಖುದ್ದಾಗಿ ಅಂಗಡಿಗೆ ಹೋಗಬೇಕಾಗುತ್ತದೆ. ಇನ್ನೊಬ್ಬರ ಹೆಸರಿನಲ್ಲಿರುವ ಸಿಮ್ಮನ್ನು ರಸ್ತೆಬದಿಯಲ್ಲಿ ಕೊಳ್ಳಬಾರದು. ಊರಿನಿಂದ ಕರೆ ಮಾಡುವ ಮನೆಮಂದಿಗೆ ಹೊಸ ಸಂಖ್ಯೆಯನ್ನು ತಿಳಿಸುವುದನ್ನು ಮರೆಯಬಾರದು.

ವೃದ್ಧರ ಕೈಯಲ್ಲಿರುವ ಹಳೆಯ ಗುಂಡಿ ಮೊಬೈಲಿನ ಬಗ್ಗೆ ಒಂದು ಮಾತು. ಭಾರತದಲ್ಲಿ ಚೆನ್ನಾಗಿ ನಡೆಯುವ 2ಜಿ ಮೊಬೈಲು ಎಲ್ಲ ದೇಶಗಳಲ್ಲೂ ನಡೆಯುವುದಿಲ್ಲ. ಸಿಂಗಪುರವು 2017ರಲ್ಲಿಯೇ 2ಜಿ ಜಾಲವನ್ನು ಮುಚ್ಚಿತು.

ಊರಿನ ಸಂಖ್ಯೆಯನ್ನು ಉಳಿಸಿಕೊಳ್ಳುವುದು

ವಿದೇಶದ ಸಿಮ್ ಕೊಂಡವರು ಭಾರತದ ಸಿಮ್ಮನ್ನು ತೆಗೆದು ಪೆಟ್ಟಿಗೆಗೆ ಹಾಕುವುದು ಸರಿಯಲ್ಲ. ಬ್ಯಾಂಕಿನ ಒಟಿಪಿ ಬರುವುದು ಅದೇ ಸಂಖ್ಯೆಗೆ. ಎರಡು ಸಿಮ್‌ಗಳ ಮೊಬೈಲಿನಲ್ಲಿ ಭಾರತದ ಸಿಮ್ಮಿಗೆ ಡೇಟಾ ಮುಚ್ಚಿ ಸಂದೇಶಗಳಿಗಷ್ಟೇ ಇಟ್ಟುಕೊಳ್ಳಬಹುದು; ಒಳಬರುವ ಸಂದೇಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಭಾರತದಲ್ಲಿರುವಾಗಲೇ ಚಾಲನೆಗೊಳಿಸಿರಬೇಕು. ವಿದೇಶ ತಲುಪಿದ ಮೇಲೆ ಅದಕ್ಕಾಗಿ ಕಳುಹಿಸುವ ಸಂದೇಶವೇ ಹೋಗದಿರಬಹುದು!

ವ್ಯಾಸಂಗಕ್ಕೆಂದು ವರ್ಷಗಟ್ಟಲೆ ಹೋಗುವವರ ವಿಷಯ ಇನ್ನೂ ಗಂಭೀರ. ಪ್ರಾಧಿಕಾರದ 2013ರ ನಿಯಮದಂತೆ ಪ್ರಿಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಹಣವಿದ್ದರೆ 20 ರೂಪಾಯಿ ಮುರಿದುಕೊಂಡು 30 ದಿನ ಮುಂದುವರಿಸಬೇಕು. ನಿಂತ ಸಂಖ್ಯೆಯನ್ನು ಇನ್ನೂ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಲಾಗುತ್ತದೆ. ಹೀಗೆ ಒಬ್ಬರ ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆ ಅಪರಿಚಿತರ ಕೈ ಸೇರುತ್ತದೆ. ಮನೆಯವರು ಊರಿನಿಂದಲೇ ರೀಚಾರ್ಜ್ ಮಾಡಿಸುತ್ತಿರುವುದು, ಇಲ್ಲವೇ ಬ್ಯಾಂಕಿನಲ್ಲಿ ಸಂಖ್ಯೆಯನ್ನು ಬದಲಿಸುವುದು ಇದಕ್ಕೆ ಉಪಾಯ.

ಭಾರತದಲ್ಲಿಯೇ ವಿದೇಶೀ ಸಿಮ್ ಅಥವಾ ಇ-ಸಿಮ್ ಮಾರುವವರು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದಿರಬೇಕು ಹಾಗೂ ಗ್ರಾಹಕನ ಪಾಸ್‌ಪೋರ್ಟ್ ವಿವರ ಪಡೆಯಬೇಕು. ಇಂತಹ ಪತ್ರವಿಲ್ಲದ ಎರಡು ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಭಾರತದ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು.

ಬಿಲ್ಲಿನ ಬಗ್ಗೆ ತಕರಾರು

ಬಿಲ್ಲು ತಪ್ಪೆಂದು ತೋರಿದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಅಲ್ಲಿನ ಪರಿಹಾರ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 2012ರ ನಿಯಮಾವಳಿಯಂತೆ ಮೇಲ್ಮನವಿ 39 ದಿನಗಳಲ್ಲಿ ಇತ್ಯರ್ಥವಾಗತಕ್ಕದ್ದು. ನಿಯಂತ್ರಣ ಪ್ರಾಧಿಕಾರವು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೂರವಾಣಿ ತಕರಾರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬ ವಾದ ಬಹುಕಾಲ ನಡೆದಿತ್ತು. 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ನಾಸಿಕದವರು ನಾಸಿಕದ ಜಿಲ್ಲಾ ಆಯೋಗಕ್ಕೆ, ಸಂಭಾಜಿನಗರದವರು ಅಲ್ಲಿನ ಆಯೋಗಕ್ಕೆ ಹೋದರೆ ಸಾಕು. ಕಾಲಮಿತಿ ಎರಡು ವರ್ಷ. ಪ್ಯಾಕ್ ಕೊಂಡ ರಶೀದಿ, ಅದು ಜಾರಿಗೆ ಬಂದ ಸಂದೇಶ, ವಿದೇಶ ತಲುಪಿದಾಗ ಬಂದ ದರದ ಸಂದೇಶ, ಇವುಗಳನ್ನು ಅಳಿಸದೆ ಇಟ್ಟುಕೊಂಡಿರಬೇಕು. ಕಂಪನಿಯ ಮೂರಂಕಿಯ ಸಹಾಯವಾಣಿ ವಿದೇಶದಿಂದ ಸಿಗದಿರಬಹುದಾದ್ದರಿಂದ, +91 ಸೇರಿಸಿ ಕರೆ ಮಾಡಬಹುದಾದ ಪೂರ್ಣ ಸಂಖ್ಯೆಯನ್ನು ಹೊರಡುವ ಮೊದಲೇ ಕೇಳಿ, ಮೊಬೈಲಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ಬರೆದುಕೊಳ್ಳಬೇಕು.